ಡಿ ಅಂಡ್ ಡಿ 2024ರ ನಿಯಮಗಳಿಗೆ ಹೋಗೋಣವಾ? ಹಾಸನ, ಚಿಕ್ಕಮಗಳೂರು ಕಡೆಯ ಆಟಗಾರರು ಹೇಳಿ

ಹಾಸನದ ಡಿಎಂ:
ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸಿ ಕಥೆ ಕಟ್ಟುವ ಆಟ, ಆಡುವ ನಮ್ಮ ಗುಂಪಿನಲ್ಲಿ ಕೆಲವು ತಿಂಗಳಿಂದ ಒಂದೇ ಮಾತು ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಈಗ ನಡೆಯುತ್ತಿರುವ ನಮ್ಮ ಕ್ಯಾಂಪೇನ್ (ಹಲವು ದಿನ ಮುಂದುವರಿಯುವ ಒಂದೇ ಕಥೆ) 2014ರ ಐದನೇ ಆವೃತ್ತಿಯದ್ದು. ಹೊಸದಾಗಿ ಸೇರಿದವರು ಅದನ್ನು ತಿದ್ದಿ ತಂದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಓದಿಕೊಂಡು ಬರುತ್ತಿದ್ದಾರೆ. ಹಾಗಾಗಿ ಒಂದೇ ಮೇಜಿನ ಮೇಲೆ ಎರಡು ನಿಯಮ. ಗಾಯಕ್ಕೆ ಪೋಶನ್ (ಔಷಧ) ಕುಡಿಯೋದು ಪೂರ್ತಿ ಆಕ್ಷನ್ (ಸರದಿಯ ಮುಖ್ಯ ಕೆಲಸ) ಅಂತ ಒಬ್ಬರು, ಬೋನಸ್ ಆಕ್ಷನ್ (ಜೊತೆಗೆ ಮಾಡುವ ಚಿಕ್ಕ ಕೆಲಸ) ಸಾಕು ಅಂತ ಇನ್ನೊಬ್ಬರು. ಅವರವರ ಪುಸ್ತಕದಲ್ಲಿ ಅವರವರು ಹೇಳಿದ ಹಾಗೇ ಇದೆ. ಆಟ ನಿಲ್ಲಿಸಿ ಪುಟ ತಿರುವುತ್ತಾ ಕೂರಬೇಕಾಗುತ್ತದೆ.

ಮೂರೂ ಹೊಸ ಪುಸ್ತಕ ಓದಿದ್ದೇನೆ. ಹ್ಯಾಂಡ್‌ಬುಕ್ 2024ರ ಸೆಪ್ಟೆಂಬರ್‌ನಲ್ಲಿ ಬಂತು, ಡಂಜನ್ ಮಾಸ್ಟರ್ಸ್ ಗೈಡ್ ನವೆಂಬರ್‌ನಲ್ಲಿ, ಮಾನ್‌ಸ್ಟರ್ ಮ್ಯಾನ್ಯುಯಲ್ 2025ರ ಫೆಬ್ರವರಿಯಲ್ಲಿ. ಆಟಗಾರರ ಕೈಗೆ ಇದು ತುಂಬಾ ಕೊಟ್ಟಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಕಡೆ ಒಬ್ಬರೇ ಕೂತು ಎಲ್ಲವನ್ನೂ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಕೆಲಸ ಹಗುರ ಮಾಡಿದೆಯಾ? ನಮ್ಮ ಊರುಗಳಲ್ಲಿ ಆಟ ನಡೆಸುವವರು ಬೆರಳೆಣಿಕೆಯಷ್ಟು ಜನ. ಅವರು ಸುಸ್ತಾದರೆ ಗುಂಪೇ ನಿಂತುಹೋಗುತ್ತದೆ. ಬೆಂಗಳೂರಿನಲ್ಲಾದರೆ ಬೇರೆ ಕಡೆ ಹೋಗಿ ಆಡಬಹುದು, ಇಲ್ಲಿ ಅದಿಲ್ಲ. ಅದಕ್ಕೇ ಆವೃತ್ತಿ ಬದಲಿಸೋದು ನನಗೆ ದೊಡ್ಡ ವಿಷಯ. ನಿಮ್ಮ ಆಸೆ ಏನು, ಅನುಮಾನ ಏನು, ಬಿಚ್ಚಿ ಹೇಳಿ.

ಮೂಡಿಗೆರೆ ರೇಂಜರ್:
ಮೊದಲು ರೇಂಜರ್ (ಕಾಡು ಬಲ್ಲ ಬೇಟೆಗಾರ) ವಿಷಯ ಹೇಳಿಬಿಡುತ್ತೇನೆ ಮಾರಾಯ್ರೇ, ಯಾಕಂದರೆ ನಾನು ಬೇರೆ ಕ್ಲಾಸ್ (ಪಾತ್ರದ ಕಸುಬು) ಆಡೋದೇ ಇಲ್ಲ. ಹೊಸ ಪುಸ್ತಕದಲ್ಲಿ ರೇಂಜರ್‌ಗೆ ಬಲ ಜಾಸ್ತಿ ಆಗಿದೆ, ನಿಜ. ಗುರಿಗೆ ಹೆಚ್ಚು ಏಟು ಬೀಳಿಸುವ ಹಂಟರ್ಸ್ ಮಾರ್ಕ್ ಅನ್ನೋ ಸ್ಪೆಲ್ (ಮಂತ್ರ) ಯಾವಾಗಲೂ ಸಿದ್ಧ ಇರುತ್ತದೆ, ಮೊದಲ ಲೆವೆಲ್‌ನಲ್ಲೇ (ಪಾತ್ರ ಬೆಳೆಯುತ್ತಾ ಏರುವ ಮೆಟ್ಟಿಲು) ಎರಡು ಸಲ ಸ್ಲಾಟ್ (ಇಷ್ಟೇ ಸ್ಪೆಲ್ ಅಂತ ಇರುವ ಮಿತಿ) ಖರ್ಚಿಲ್ಲದೆ ಹಾಕಬಹುದು. ಆದರೆ ಅದಕ್ಕೆ ಇವತ್ತಿಗೂ ಕಾನ್ಸಂಟ್ರೇಶನ್ ಬೇಕು, ಅದನ್ನು ಒಂದು ಸಲಕ್ಕೆ ಒಂದೇ ಸ್ಪೆಲ್ ಮೇಲೆ ಇಡಬಹುದು. ಅಂದರೆ ಅದನ್ನು ಹಾಕಿಕೊಂಡರೆ ಕಾನ್ಸಂಟ್ರೇಶನ್ ಬೇಕಾದ ಬೇರೆ ಒಳ್ಳೆಯ ಸ್ಪೆಲ್‌ಗಳು ಸುಮ್ನೆ ಹಾಳೆಯ ಮೇಲೆ ಉಳಿಯುತ್ತವೆ. ಏಟು ತಿಂದರೂ ಅದು ಮುರಿಯೋದಿಲ್ಲ ಅನ್ನೋ ಗುಣ ಸಿಗೋದು 13ನೇ ಲೆವೆಲ್‌ಗೆ. ಇಪ್ಪತ್ತನೇ ಲೆವೆಲ್‌ಗೆ ಸಿಗೋದು ಆ ಹೆಚ್ಚಿನ ಏಟಿಗೆ ಡಿ6 (ಆರು ಮುಖದ ಡೈಸ್) ಬದಲು ಡಿ10. ಅಷ್ಟು ವರ್ಷ ಆಡಿದವನಿಗೆ ಅದೇನು ಬಹುಮಾನ?

ಇನ್ನೂ ನೋವಾಗೋದು ಬೇರೆ ಕಡೆ. ಹಳೆಯದರಲ್ಲಿ ರೇಂಜರ್‌ಗೆ ತನ್ನ ನೆಲ ಅಂತ ಒಂದು ಇತ್ತು. ಕಾಡು ಅಂತ ಆರಿಸಿಕೊಂಡರೆ ಕಾಡಿನಲ್ಲಿ ಪಾರ್ಟಿ (ಜೊತೆಗಿರುವ ಪಾತ್ರಗಳ ತಂಡ) ದಾರಿ ತಪ್ಪುತ್ತಿರಲಿಲ್ಲ, ಹಳ್ಳ ಪೊದೆ ಅಂತ ನಡಿಗೆ ನಿಧಾನ ಆಗುತ್ತಿರಲಿಲ್ಲ. ಅದು ಈಗ ಇಲ್ಲ. ಬದಲಿಗೆ ಎರಡನೇ ಲೆವೆಲ್‌ಗೆ ಒಂದು ಸ್ಕಿಲ್‌ನಲ್ಲಿ ಎಕ್ಸ್‌ಪರ್ಟೀಸ್, ಎರಡು ಭಾಷೆ. ಲೆಕ್ಕದಲ್ಲಿ ಇದೇ ಒಳ್ಳೆಯದು ಅಂತ ಹೇಳುತ್ತಾರೆ, ಇರಬಹುದು. ಆದರೆ ನಮ್ಮ ಕಡೆ ಲದ್ದಿ ನೋಡಿ ಆನೆ ಯಾವಾಗ ದಾಟಿತು, ಎಷ್ಟಿದ್ದವು, ಮರಿ ಇತ್ತಾ ಇಲ್ವಾ ಅಂತ ಹೇಳುವವರು ಇದ್ದಾರೆ. ಅಂಥವರನ್ನು ನೋಡಿ ಬೆಳೆದವನು ನಾನು. ಆ ಗೊತ್ತಿರುವಿಕೆ ಆಟದಲ್ಲಿ ಕಾಣಬೇಕು, ಬರೀ ಹೆಚ್ಚು ಡ್ಯಾಮೇಜ್ ನನಗೆ ಬೇಡ.

ಕಡೂರು ಕ್ಲೆರಿಕ್:
ನನಗಂತೂ ಖುಷಿ. ಗಾಯ ವಾಸಿ ಮಾಡುವ ಸ್ಪೆಲ್‌ಗಳಲ್ಲಿ ಕ್ಯೂರ್ ವೂಂಡ್ಸ್ 1ಡಿ8 (ಎಂಟು ಮುಖದ ಒಂದು ಡೈಸ್) ಇದ್ದದ್ದು 2ಡಿ8 ಆಗಿದೆ, ಹೀಲಿಂಗ್ ವರ್ಡ್ 1ಡಿ4 ಇದ್ದದ್ದು 2ಡಿ4. ಗೆಳೆಯ ಬಿದ್ದ ಮೇಲೆ ಎಬ್ಬಿಸೋದೇ ಕೆಲಸ ಆಗಿತ್ತು, ಈಗ ಬೀಳೋ ಮೊದಲೇ ಕೊಟ್ಟರೂ ಅರ್ಥ ಇದೆ. ಒಂದೇ ಬೇಸರ. ಎಲ್ಲ ಕ್ಲಾಸ್‌ಗೂ ಸಬ್‌ಕ್ಲಾಸ್ (ಕ್ಲಾಸ್ ಒಳಗಿನ ಕವಲು) ಮೂರನೇ ಲೆವೆಲ್‌ಗೆ ಅಂತ ಮಾಡಿದ್ದಾರೆ. ಕ್ಲೆರಿಕ್‌ಗೆ ತನ್ನ ಡೊಮೇನ್ (ತನ್ನ ದೇವರ ಕ್ಷೇತ್ರ, ಅದೇ ಅವಳ ಸಬ್‌ಕ್ಲಾಸ್) ಮೊದಲ ದಿನದಿಂದಲೇ ಬೇಕು. ಯಾವ ದೇವರ ಕಡೆಯವಳು ಅನ್ನೋದು ಶಕ್ತಿಯಲ್ಲಿ ಕಾಣಿಸದೆ ಎರಡು ಲೆವೆಲ್ ಓಡಾಡೋದು ನನಗೆ ಒಗ್ಗುತ್ತಿಲ್ಲ.

ಬೇಲೂರು ಫೈಟರ್:
ನಾನು ಹೊಸದರ ಪರ. ಪೂರ್ತಿ ಪರ. ಕಾರಣ ಹೇಳುತ್ತೇನೆ ಕೇಳಿ.

2014ರ ಫೈಟರ್ ಆಡಿದವರಿಗೆ ಗೊತ್ತು. ನನ್ನ ಸರದಿ ಬಂತು, ಡಿ20 ಹಾಕಿದೆ, ತಗುಲಿತು ಇಲ್ಲ ತಗುಲಲಿಲ್ಲ, ಮುಗೀತು. ಪಕ್ಕದಲ್ಲಿ ವಿಝಾರ್ಡ್ (ಮಂತ್ರವಾದಿ) ಹತ್ತು ನಿಮಿಷ ಯೋಚನೆ ಮಾಡಿ ಇಡೀ ಕೋಣೆ ಸುಡುತ್ತಾನೆ. ಈಗ ವೆಪನ್ ಮಾಸ್ಟರಿ, ಅಂದರೆ ಆಯುಧಕ್ಕೊಂದು ವಿಶೇಷ ಪಟ್ಟು, ಬಂದಿದೆ. ಮೊದಲ ಲೆವೆಲ್‌ನಲ್ಲೇ ಫೈಟರ್‌ಗೆ ಮೂರು ಆಯುಧದ್ದು ಸಿಗುತ್ತದೆ. ಗ್ರೇಟ್‌ಸ್ವೋರ್ಡ್‌ಗೆ ಗ್ರೇಜ್, ಗುರಿ ತಪ್ಪಿದರೂ ಸ್ವಲ್ಪ ಏಟು ಬೀಳುತ್ತದೆ. ಕ್ವಾರ್ಟರ್‌ಸ್ಟಾಫ್ ಅನ್ನೋ ಉದ್ದ ದೊಣ್ಣೆ ಹಿಡಿದವರಿಗೆ ಟಾಪಲ್, ಹೊಡೆದರೆ ಎದುರಾಳಿ ಸೇವ್ (ತಪ್ಪಿಸಿಕೊಳ್ಳೋಕೆ ಡೈಸ್) ಹಾಕಬೇಕು, ಇಲ್ಲದಿದ್ದರೆ ನೆಲಕ್ಕೆ. ಉದ್ದ ಬಿಲ್ಲಿಗೆ ಸ್ಲೋ, ಅವನು ಹತ್ತಿರ ಬರೋದು ತಡ ಆಗುತ್ತದೆ. ಯಾವ ಆಯುಧ ಹಿಡಿದಿದ್ದೇನೆ ಅನ್ನೋದಕ್ಕೆ ಮೊದಲ ಸಲ ಬೆಲೆ ಬಂದಿದೆ. ಹಳೆಯದರಲ್ಲಿ ಎಲ್ಲ ಒಂದೇ, ಡ್ಯಾಮೇಜ್ ಡೈಸ್ ಮಾತ್ರ ಬೇರೆ.

ಇನ್ನೊಂದು ಯಾರೂ ಹೇಳೋದಿಲ್ಲ. ಫೈಟರ್‌ಗೆ ಎರಡನೇ ಲೆವೆಲ್‌ನಲ್ಲಿ ಟ್ಯಾಕ್ಟಿಕಲ್ ಮೈಂಡ್ ಇದೆ. ಯಾವುದೇ ಎಬಿಲಿಟಿ ಚೆಕ್ (ಮಾಡಹೊರಟ ಕೆಲಸ ಆಯಿತಾ ಅಂತ ಹಾಕುವ ಡೈಸ್) ಸೋತರೆ ಸೆಕೆಂಡ್ ವಿಂಡ್ (ಫೈಟರ್ ತಾನೇ ಚೇತರಿಸಿಕೊಳ್ಳುವ ಶಕ್ತಿ) ಖರ್ಚು ಮಾಡಿ 1ಡಿ10 ಸೇರಿಸಬಹುದು, ಆಗಲೂ ಸೋತರೆ ಖರ್ಚೂ ಆಗೋದಿಲ್ಲ. ಅಂದರೆ ಕಾವಲುಗಾರನನ್ನು ಮಾತಲ್ಲಿ ಒಲಿಸೋದು, ಹಳೇ ಶಾಸನದಲ್ಲಿ ಏನಿದೆ ಅಂತ ಹುಡುಕೋದು, ಇದರಲ್ಲೂ ನಾನು ಕೈ ಹಾಕಬಹುದು. ಹೊಡೆದಾಟ ಇಲ್ಲದ ಸೆಷನ್‌ನಲ್ಲಿ ಫೈಟರ್ ಸುಮ್ನೆ ಕೂರಬೇಕಾಗಿಲ್ಲ. ನಮ್ಮ ಡಿಎಂ ಕಥೆ ಜಾಸ್ತಿ, ಕತ್ತಿ ಕಮ್ಮಿ ಅನ್ನೋ ಜಾತಿ. ಅವರ ಮೇಜಿನಲ್ಲಿ ಈ ಒಂದು ಸಾಲು ನನಗೆ ದೊಡ್ಡ ಉಪಕಾರ.

ಹಾಸನದ ಡಿಎಂ:
ಫೈಟರ್ ಗುರು, ನಿಮ್ಮ ಖುಷಿ ಅರ್ಥ ಆಗುತ್ತದೆ, ನಿಮ್ಮಿಂದ ಅದನ್ನು ಕಿತ್ತುಕೊಳ್ಳುವ ಆಸೆ ನನಗಿಲ್ಲ. ಆದರೆ ಟಾಪಲ್ ಇದೆಯಲ್ಲ, ಅದನ್ನು ಆ ಕಡೆಯಿಂದ ನೋಡಿ. ನೀವು ಎರಡು ಸಲ ಹೊಡೆಯುತ್ತೀರಿ, ಎರಡು ಸಲ ನಾನು ಸೇವ್ ಹಾಕಬೇಕು. ಬಾರ್ಬೇರಿಯನ್, ಪಾಲಡಿನ್, ರೇಂಜರ್, ರೋಗ್ ಎಲ್ಲರಿಗೂ ಎರಡೆರಡು ಮಾಸ್ಟರಿ. ಯಾವ ಗಾಬ್ಲಿನ್ (ಕುಳ್ಳ ರಾಕ್ಷಸ) ಬಿದ್ದಿದೆ, ಯಾವುದು ನಿಧಾನ ಆಗಿದೆ, ಯಾವುದರ ಮುಂದಿನ ಹೊಡೆತಕ್ಕೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಡೈಸ್ ಹಾಕಿ ಕಮ್ಮಿಯದ್ದು ಹಿಡಿಯೋದು), ಇದೆಲ್ಲ ನನ್ನ ತಲೆಯಲ್ಲಿ. ಆರು ಜನ ಆಟಗಾರರು, ಎಂಟು ಗಾಬ್ಲಿನ್ ಅಂದರೆ ಒಂದು ಸುತ್ತು ಮುಗಿಯೋದರಲ್ಲಿ ಕಾಫಿ ತಣ್ಣಗಾಗಿರುತ್ತದೆ. ಮಾಸ್ಟರಿ ಬೇಡ ಅಂತ ಹೇಳುತ್ತಿಲ್ಲ. ಅದರ ಲೆಕ್ಕವನ್ನು ಹಾಕಿದವರೇ ಇಟ್ಟುಕೊಳ್ಳಬೇಕು ಅಂತ ಹೇಳುತ್ತಿದ್ದೇನೆ.

ಡಿಎಂಗೆ ಹಗುರ ಆದದ್ದೂ ಇದೆ, ಅದನ್ನೂ ಹೇಳಬೇಕು. ಎಕ್ಸಾಶನ್ (ಪಾತ್ರದ ಬಳಲಿಕೆ) ಈಗ ನೆನಪಿಡೋದು ಸುಲಭ. ಪ್ರತಿ ಮಟ್ಟಕ್ಕೂ ಡಿ20 ಉರುಳಿಸಿದಾಗ 2 ಕಳೆಯಿರಿ, ನಡಿಗೆ 5 ಅಡಿ ಕಮ್ಮಿ, ಆರನೆಯದಕ್ಕೆ ಸಾವು. ಹಳೆಯದರಲ್ಲಿ ಒಂದೊಂದು ಮಟ್ಟಕ್ಕೆ ಒಂದೊಂದು ಕಷ್ಟ, ಪಟ್ಟಿ ನೋಡದೆ ಹೇಳೋಕೆ ಆಗುತ್ತಿರಲಿಲ್ಲ. ಮುಳ್ಳಯ್ಯನಗಿರಿ ಥರದ ಬೆಟ್ಟ ಹತ್ತಿಸುವ ಸೆಷನ್ ಮಾಡುವಾಗ ನಾನು ಎಕ್ಸಾಶನ್ ಕೊಡೋಕೇ ಹಿಂಜರಿಯುತ್ತಿದ್ದೆ, ಈಗ ಧೈರ್ಯವಾಗಿ ಕೊಡಬಹುದು.

ಚಿಕ್ಕಮಗಳೂರು ಡಿ20:
ನನ್ನ ಅನುಮಾನ ನಿಯಮದ ಮೇಲಲ್ಲ, ಮಾರುವವರ ಮೇಲೆ. 2023ರ ಜನವರಿ ನೆನಪಿದೆಯಾ? 2000ನೇ ಇಸವಿಯಿಂದ ಇದ್ದ ಓಪನ್ ಗೇಮ್ ಲೈಸೆನ್ಸ್ (ಆಟದ ನಿಯಮ ಬೇರೆಯವರೂ ಬಳಸೋಕೆ ಕೊಟ್ಟ ಅನುಮತಿ) ಬದಲಿಸುತ್ತೇವೆ ಅಂತ ಹೊರಟ ಕರಡು ಹೊರಗೆ ಬಂತು. ಪ್ರಪಂಚದ ಆಟಗಾರರೆಲ್ಲ ಗಲಾಟೆ ಮಾಡಿದ ಮೇಲೆ ಆಟದ ಕಂಪನಿ ವಿಝಾರ್ಡ್ಸ್ ಆಫ್ ದ ಕೋಸ್ಟ್ ಹಿಂದೆ ಸರಿಯಿತು. ಆಮೇಲೆ 2024ರ ಆಗಸ್ಟ್‌ನಲ್ಲಿ ಡಿ ಅಂಡ್ ಡಿ ಬಿಯಾಂಡ್ ಅನ್ನೋ ತಮ್ಮ ಜಾಲತಾಣದಲ್ಲಿ ಹಳೆಯ ಸ್ಪೆಲ್‌ಗಳ ಜಾಗಕ್ಕೆ ಹೊಸದನ್ನು ಹಾಕುತ್ತೇವೆ ಅಂದರು, ಅದಕ್ಕೂ ವಿರೋಧ ಬಂದು ಕೈಬಿಟ್ಟರು. ಎರಡು ಸಲವೂ ಜನ ಕೂಗಿದ್ದಕ್ಕೆ ಉಳಿಯಿತು. ಪ್ರತಿ ಸಲ ಕೂಗುತ್ತಲೇ ಇರಬೇಕಾ?

ಇನ್ನು ದುಡ್ಡು. ಒಂದು ಪುಸ್ತಕಕ್ಕೆ ಅಲ್ಲಿ 49.99 ಡಾಲರ್. ಮೂರಕ್ಕೆ 150 ಡಾಲರ್ ಹತ್ತಿರ, ನಮ್ಮ ರೂಪಾಯಿಯಲ್ಲಿ 12 ಸಾವಿರ ದಾಟುತ್ತದೆ. ಕಾಲೇಜು ಹುಡುಗರು ಎಲ್ಲಿಂದ ತರಬೇಕು? ನಾನು ತರಿಸಿದ ಪುಸ್ತಕ ಮೂಲೆ ಜಜ್ಜಿಹೋಗಿ ಬಂತು, ವಾಪಸ್ ಮಾಡೋಕೆ ಹೋದರೆ ಮಾರಿದವರು ಉತ್ತರವನ್ನೇ ಕೊಡಲಿಲ್ಲ. ಹಳೆಯ ಪುಸ್ತಕ ನಮ್ಮ ಹತ್ತಿರ ಇದೆ. ಅದು ನಾಳೆಯೂ ನಡೆಯುತ್ತದೆ. ಯಾಕೆ ಬದಲಿಸಬೇಕು?

ಆಲೂರು ಹೊಸಬಳು:
ನಾನು ಇನ್ನೂ ಆಡಿಲ್ಲ, ಸುಮ್ನೆ ಓದುತ್ತಿದ್ದೆ. ಅಕ್ಕ ಅಣ್ಣಂದಿರೇ, ಒಂದು ಕೇಳಲಾ? ನನ್ನ ಜೊತೆ ಇನ್ನೂ ಮೂವರು ಇದ್ದಾರೆ, ಎಲ್ಲರಿಗೂ ಕನ್ನಡದಲ್ಲೇ ಹೇಳಿಕೊಡಬೇಕು. ಪುಸ್ತಕ ಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ನಾವು ಯಾವುದರಿಂದ ಶುರು ಮಾಡಬೇಕು? ಮೇಲೆ ಬರೆದಿರೋದು ಅರ್ಧ ಅರ್ಥ ಆಯಿತು, ಆದರೆ ಆಡೋ ಆಸೆ ಜಾಸ್ತಿ ಆಯಿತು.

ಸಕಲೇಶಪುರ ಮಾಂಕ್:
ತಂಗೀ, ನೀವು ಹೊಸದರಿಂದಲೇ ಶುರು ಮಾಡಿ. ದುಡ್ಡು ಬೇಕಾಗಿಲ್ಲ. ಡಿ20 ಅಣ್ಣ ಹೇಳಿದ ಗಲಾಟೆ ನಿಜ, ಆದರೆ ಅದರಿಂದ ಒಂದು ಒಳ್ಳೆಯದೂ ಆಯಿತು. 2023ರ ಜನವರಿ ಕೊನೆಗೆ ಹಳೆಯ ನಿಯಮಗಳ ಮೂಲ ದಾಖಲೆ, ಅಂದರೆ ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಅನ್ನೋ ಮುಕ್ತ ಲೈಸೆನ್ಸ್ ಅಡಿ ಬಿಟ್ಟರು. 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳದ್ದೂ ಬಂತು, ಎಸ್‌ಆರ್‌ಡಿ 5.2. ಮುನ್ನೂರು ಪುಟ ದಾಟುವ ಪಿಡಿಎಫ್, ಪುಕ್ಕಟೆ. ಎಲ್ಲಿಂದ ತೆಗೆದದ್ದು ಅಂತ ಹೆಸರು ಹಾಕಿದರೆ ಸಾಕು, ನಾವು ಅದನ್ನು ಕನ್ನಡಕ್ಕೆ ತರಬಹುದು, ಮುದ್ರಿಸಬಹುದು, ಹಂಚಬಹುದು. ಆ ಲೈಸೆನ್ಸ್ ಒಮ್ಮೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳೋಕೆ ಬರೋದಿಲ್ಲ. ಅದಕ್ಕೇ ಕಂಪನಿ ನಾಳೆ ಏನು ಮಾಡುತ್ತದೆ ಅನ್ನೋ ಭಯ ಈ ಭಾಗಕ್ಕೆ ತಟ್ಟೋದಿಲ್ಲ. ಹನ್ನೆರಡೂ ಕ್ಲಾಸ್ ಇದೆ, ಒಂದೊಂದಕ್ಕೆ ಒಂದೊಂದೇ ಸಬ್‌ಕ್ಲಾಸ್. ಬ್ಯಾಕ್‌ಗ್ರೌಂಡ್ (ಪಾತ್ರದ ಹಿಂದಿನ ಬದುಕು) ಮಾತ್ರ ನಾಲ್ಕೇ. ಶುರು ಮಾಡೋಕೆ ಧಾರಾಳ ಸಾಕು.

ಮತ್ತೆ ಹೊಸಬರಿಗೆ ಹೊಸದೇ ಸುಲಭ ಅನ್ನೋದಕ್ಕೆ ಇನ್ನೊಂದು ಕಾರಣ. ಎಲ್ಲರಿಗೂ ಮೂರನೇ ಲೆವೆಲ್‌ಗೆ ಸಬ್‌ಕ್ಲಾಸ್ ಅಂದರೆ ಮೊದಲ ಎರಡು ಲೆವೆಲ್ ಕಲಿಯೋಕೆ ಅಂತಲೇ ಸಿಗುತ್ತದೆ. ಕ್ಲೆರಿಕ್ ಅಕ್ಕನಿಗೆ ಬೇಸರ ಆಗಿರೋದು ಸರಿ, ಆದರೆ ಮೊದಲ ದಿನವೇ ಹೊಸಬರ ಮುಂದೆ ಏಳೆಂಟು ಡೊಮೇನ್ ಇಟ್ಟು ಆರಿಸು ಅಂದರೆ ಗಾಬರಿ ಆಗುತ್ತಾರೆ, ನಾನು ನೋಡಿದ್ದೇನೆ.

ಬ್ಯಾಕ್‌ಗ್ರೌಂಡ್ ವಿಷಯಕ್ಕೆ ಬಂದರೆ ನನಗೆ ಈ ಆವೃತ್ತಿಯಲ್ಲಿ ತುಂಬಾ ಹಿಡಿಸಿದ್ದು ಅದೇ. ಸ್ಟ್ರೆಂತ್, ವಿಸ್‌ಡಮ್ ಥರದ ಗುಣಗಳ ಅಂಕ ಏರೋದು ಈಗ ಕುಲದಿಂದ ಅಲ್ಲ, ಮೊದಲು ಮಾಡಿದ ಕೆಲಸದಿಂದ. ಹ್ಯಾಂಡ್‌ಬುಕ್‌ನಲ್ಲಿ ಫಾರ್ಮರ್ ಇದೆ. ಸ್ಟ್ರೆಂತ್, ಕಾನ್‌ಸ್ಟಿಟ್ಯೂಶನ್, ವಿಸ್‌ಡಮ್ ಈ ಮೂರರಲ್ಲಿ ಏರಿಸಿಕೊಳ್ಳಬಹುದು, ಟಫ್ ಅನ್ನೋ ಫೀಟ್ (ವಿಶೇಷ ಸಾಮರ್ಥ್ಯ) ಸಿಗುತ್ತದೆ, ಪ್ರಾಣಿ ನೋಡಿಕೊಳ್ಳೋದು ಗೊತ್ತಿರುತ್ತದೆ. ಗದ್ದೆ ಕೆಲಸ ಮಾಡಿದವನು ಗಟ್ಟಿ ಇರುತ್ತಾನೆ ಅಂತ ಪುಸ್ತಕವೇ ಒಪ್ಪಿಕೊಂಡ ಹಾಗಾಯಿತು. ಹೊಸ ಡಿಎಂ ಗೈಡ್‌ನಲ್ಲಿ ನಮ್ಮದೇ ಬ್ಯಾಕ್‌ಗ್ರೌಂಡ್ ಮಾಡಿಕೊಳ್ಳುವ ದಾರಿಯೂ ಇದೆ. ನಾನು ಎಸ್ಟೇಟ್ ರೈಟರ್ ಅಂತ ಒಂದು ಮಾಡುತ್ತಿದ್ದೇನೆ. ಆಳುಗಳ ಹಾಜರಿ, ಕೂಲಿ ಲೆಕ್ಕ, ಕಣದಲ್ಲಿ ಎಷ್ಟು ಕಾಫಿ ಒಣಗಿದೆ ಅನ್ನೋದು ಬಾಯಲ್ಲೇ ಇರುತ್ತದಲ್ಲ, ಅವನು. ಇಂಟೆಲಿಜೆನ್ಸ್, ವಿಸ್‌ಡಮ್, ಕರಿಸ್ಮಾ ಮೂರೂ ಹೊಂದುತ್ತದೆ.

ಬರಿಗೈಯಲ್ಲಿ ಹೊಡೆದಾಡುವ ಮಾಂಕ್ ಬಗ್ಗೆ ಕೇಳಬೇಡಿ, ಪುಟಗಟ್ಟಲೆ ಬರೆಯುತ್ತೇನೆ. ಕೈ ಏಟು ಮೊದಲ ಲೆವೆಲ್‌ನಲ್ಲೇ ಡಿ6, ಕೊನೆಗೆ ಡಿ12. ಮೂರನೇ ಲೆವೆಲ್‌ನಿಂದ ಬಾಣ ಅಷ್ಟೇ ಅಲ್ಲ, ಕತ್ತಿ ಏಟನ್ನೂ ಕೈಯಿಂದ ತಡೆಯಬಹುದು. ಕಡೆಗೂ ನಮ್ಮ ಕಡೆ ನೋಡಿದರು.

ಹಳೇಬೀಡು ಹಳಬ:
ಎಲ್ಲರದ್ದೂ ಓದಿದೆ. ನಾನು ಸ್ವಲ್ಪ ನಿಧಾನಿಸಿ ಅಂತ ಹೇಳುತ್ತೇನೆ. ಈ ಆಟ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಶುರು ಮಾಡಿದ್ದು. ಅವತ್ತಿಂದ ಎಷ್ಟು ಸಲ ಬದಲಾಗಿದೆ ನೋಡಿ. 2000ದಲ್ಲಿ ಮೂರನೆಯದು, ಮೂರೇ ವರ್ಷಕ್ಕೆ 3.5, 2008ರಲ್ಲಿ ನಾಲ್ಕನೆಯದು. ನಾಲ್ಕನೆಯದು ಹಳೆಯದಕ್ಕೆ ಹೊಂದಲೇ ಇಲ್ಲ, ಜನ ಎರಡು ಭಾಗ ಆದರು, 3.5ನ್ನೇ ಹಿಡಿದುಕೊಂಡವರಿಗಾಗಿ 2009ರಲ್ಲಿ ಪಾಥ್‌ಫೈಂಡರ್ ಅನ್ನೋ ಬೇರೆ ಆಟ ಬಂತು. ಆಮೇಲೆ 2014ರದ್ದು ಎಲ್ಲರನ್ನೂ ಮತ್ತೆ ಒಟ್ಟಿಗೆ ತಂದಿತು. ಈ ಸಲ ಅವರು ಆರನೆಯದು ಅಂತ ಕರೆದಿಲ್ಲ, ಹಳೇ ಅಡ್ವೆಂಚರ್‌ಗಳೂ ನಡೆಯುತ್ತವೆ ಅಂತ ಹೇಳುತ್ತಾರೆ. ನಡೆಯುತ್ತವೆ ನಿಜ, ಆದರೆ ಬೆರೆಸಿದಾಗ ತೊಂದರೆ ಇದೆ. ಹಳೆಯ ಪಾಲಡಿನ್ (ಪ್ರತಿಜ್ಞೆ ತೊಟ್ಟ ಯೋಧ) ಒಂದೇ ಸರದಿಯಲ್ಲಿ ಎರಡೆರಡು ಸಲ ಸ್ಮೈಟ್ (ಏಟಿಗೆ ಸೇರಿಸುವ ದೈವಿಕ ಬಲ) ಹಾಕುತ್ತಾನೆ. ಹೊಸದರಲ್ಲಿ ಅದು ಬೋನಸ್ ಆಕ್ಷನ್ ತಿನ್ನುವ ಸ್ಪೆಲ್, ಒಂದು ಸರದಿಗೆ ಒಂದೇ ಸಲ, ಸ್ಪೆಲ್ ಕೆಡಿಸುವ ಕೌಂಟರ್‌ಸ್ಪೆಲ್‌ನಿಂದ ತಡೆಯಲೂಬಹುದು. ಇಬ್ಬರು ಪಾಲಡಿನ್‌ಗಳು ಅಕ್ಕಪಕ್ಕ ಕೂತರೆ ಜಗಳ ಖಂಡಿತ.

ಹಾಗಾಗಿ ನಡೆಯುತ್ತಿರುವ ಕ್ಯಾಂಪೇನ್ ಮಧ್ಯೆ ಬದಲಿಸಬೇಡಿ. ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಿದ ಹಾಗೆ ಆಗುತ್ತದೆ. ವರ್ಷಗಟ್ಟಲೆ ಸಾಕಿದ ಪಾತ್ರದ ಕೈಯಿಂದ ಒಂದು ಶಕ್ತಿ ಕಿತ್ತುಕೊಂಡರೆ ಆ ಆಟಗಾರನಿಗೆ ಆಗುವ ಬೇಸರವನ್ನು ಯಾವ ಹೊಸ ಫೀಟೂ ತುಂಬಿಕೊಡೋದಿಲ್ಲ.

ಹಾಸನದ ಡಿಎಂ:
ಹಳಬರೇ, ಇದು ನನ್ನ ಮನಸ್ಸಿನಲ್ಲಿದ್ದ ಮಾತೇ. ಪಾಲಡಿನ್ ನಮ್ಮಲ್ಲೂ ಒಬ್ಬರಿದ್ದಾರೆ.

ಅಡಗುವ ನಿಯಮದ ಬಗ್ಗೆ ಯಾರೂ ಬರೆದಿಲ್ಲ, ಆದರೆ ಡಿಎಂಗಳಿಗೆ ಅತಿ ದೊಡ್ಡ ಬದಲಾವಣೆ ಅದೇ ಅನ್ನಿಸುತ್ತದೆ. ಈಗ ಮರೆ ಇರಬೇಕು ಅಥವಾ ದಟ್ಟ ಕತ್ತಲೆ, ಮಂಜು ಇರಬೇಕು, ಸ್ಟೆಲ್ತ್ (ಅಡಗುವ ಸ್ಕಿಲ್) ಚೆಕ್‌ನಲ್ಲಿ 15 ಬರಬೇಕು. ಬಂದರೆ ಇನ್‌ವಿಸಿಬಲ್ ಅನ್ನೋ ಸ್ಥಿತಿ ಸಿಗುತ್ತದೆ. ಲೆಕ್ಕ ಸ್ಪಷ್ಟ. ಆದರೆ ಮರೆಯಿಂದ ಹೊರಗೆ ಬಂದು ಬಯಲಲ್ಲಿ ನಡೆದರೆ ಏನು ಅನ್ನೋದಕ್ಕೆ ಮೇಜಿನಿಂದ ಮೇಜಿಗೆ ಒಂದೊಂದು ಉತ್ತರ. ಚಾರ್ಮಾಡಿ ಘಾಟಿಯ ಮಂಜಿನಂಥ ಜಾಗದಲ್ಲಿ ನಾನು ಒಂದು ಹೊಂಚು ದಾಳಿ ಬರೆದಿಟ್ಟಿದ್ದೇನೆ. ಮಂಜು ಸರಿದ ಕ್ಷಣ ಅಡಗಿದವರು ಕಾಣಬೇಕು, ಇಲ್ಲದಿದ್ದರೆ ಕಥೆಗೆ ಅರ್ಥ ಇಲ್ಲ. ನಮ್ಮ ಮೇಜಿನಲ್ಲಿ ಅದೇ ನಿಯಮ ಅಂತ ಮೊದಲೇ ಹೇಳಿಬಿಡುತ್ತೇನೆ.

ಹೊಂಚು ದಾಳಿಯದ್ದೇ ಇನ್ನೊಂದು. ಹಳೆಯದರಲ್ಲಿ ಸರ್ಪ್ರೈಸ್ ಆದವರಿಗೆ ಮೊದಲ ಸರದಿಯೇ ಹೋಗುತ್ತಿತ್ತು. ಈಗ ಇನಿಶಿಯೇಟಿವ್‌ಗೆ (ಯಾರ ಸರದಿ ಮೊದಲು ಅಂತ ಹಾಕುವ ಡೈಸ್) ಡಿಸ್‌ಅಡ್ವಾಂಟೇಜ್ ಅಷ್ಟೇ. ಬಸ್ಸು ಹತ್ತಿ ದೂರದಿಂದ ಆಡೋಕೆ ಬಂದವರನ್ನು ಅರ್ಧ ಗಂಟೆ ಸುಮ್ನೆ ಕೂರಿಸೋದು ನನಗೆ ಯಾವತ್ತೂ ಇಷ್ಟ ಇರಲಿಲ್ಲ. ಇದನ್ನು ಇವತ್ತೇ ತೆಗೆದುಕೊಳ್ಳುತ್ತೇನೆ.

ರಾಕ್ಷಸರು ಮಾತ್ರ ಜಾಸ್ತಿ ಗಡುಸಾಗಿದ್ದಾರೆ. ಹೊಸ ಪುಸ್ತಕದ ತೋಳ ಕಚ್ಚಿದರೆ ಸೇವ್ ಇಲ್ಲ, ನೇರ ನೆಲಕ್ಕೆ. ಡಿಎಂಗೆ ಡೈಸ್ ಹಾಕೋದು ಕಮ್ಮಿ ಆಯಿತು, ಆಟ ಬೇಗ ಓಡುತ್ತದೆ. ಆದರೆ ಮೊದಲ ಲೆವೆಲ್‌ನ ಹೊಸಬರ ಮೇಲೆ ಮೂರು ತೋಳ ಬಿಡುವ ಮೊದಲು ಎರಡು ಸಲ ಯೋಚಿಸಬೇಕು.

ಮೂಡಿಗೆರೆ ರೇಂಜರ್:
ಡಿಎಂ ಸರ್, ನೀವು ಬ್ಯಾಸ್ಟಿಯನ್ ಬಗ್ಗೆ ಏನೂ ಹೇಳಲೇ ಇಲ್ಲ. ರೇಂಜರ್ ಮೇಲೆ ಕೋಪ ಇದ್ದರೂ ಅದೊಂದಕ್ಕೆ ನಾನು ಹೊಸದಕ್ಕೆ ಬರೋಕೆ ತಯಾರು. ಐದನೇ ಲೆವೆಲ್‌ಗೆ ಪಾತ್ರಕ್ಕೆ ತನ್ನದೇ ನೆಲೆ. ಕಥೆಯೊಳಗಿನ ಏಳು ದಿನಕ್ಕೊಮ್ಮೆ ಅಲ್ಲಿಗೆ ಆಜ್ಞೆ ಕೊಡಬಹುದು. ವ್ಯಾಪಾರ, ಹುಡುಕಾಟ, ಕೊಯ್ಲು, ಎಲ್ಲ ಇದೆ. ನಾನು ಒಂದು ತೊಟ್ಟಿ ಮನೆ ಕಟ್ಟುತ್ತೇನೆ, ಹಿಂದೆ ತೋಟ, ಪಕ್ಕದಲ್ಲಿ ಆಯುಧ ಮಾಡುವ ಕುಲುಮೆ.

ಇದು ನಮಗೆ ಯಾಕೆ ಮುಖ್ಯ ಅಂದರೆ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದವರು ಯಾರೂ ಆಡೋಕೆ ಸಿಗೋದಿಲ್ಲ. ಅರೇಬಿಕಾ ಮುಗಿಯೋದರೊಳಗೆ ರೊಬಸ್ಟಾ ಹಣ್ಣಾಗಿರುತ್ತದೆ, ಆಳು ಸಿಗೋದು ಕಷ್ಟ, ಕಣದಲ್ಲಿ ಒಣಹಾಕಿದ್ದರ ಮೇಲೆ ಮಳೆ ಬಿದ್ದರೆ ಗತಿ ಇಲ್ಲ. ಪ್ರತಿ ವರ್ಷ ಆ ಹೊತ್ತಿಗೆ ಕ್ಯಾಂಪೇನ್ ತುಂಡಾಗುತ್ತದೆ. ಬ್ಯಾಸ್ಟಿಯನ್ ಇದ್ದರೆ ರಾತ್ರಿ ಕಣದಿಂದಲೇ ಡಿಎಂಗೆ ಒಂದು ಮೆಸೇಜ್ ಕಳಿಸಿ ನನ್ನ ಪಾತ್ರದ ಕೆಲಸ ಮುಂದುವರಿಸಬಹುದು. ವಾಪಸ್ ಬಂದಾಗ ಪಾತ್ರದ ಜೀವನ ನಿಂತಿರೋದಿಲ್ಲ.

ಚಿಕ್ಕಮಗಳೂರು ಡಿ20:
ಇದು ಒಳ್ಳೆಯ ಮಾತು. ಬ್ಯಾಸ್ಟಿಯನ್ ನಿಯಮ ಎಸ್‌ಆರ್‌ಡಿಯಲ್ಲಿ ಸಿಗೋದಿಲ್ಲ, ಡಿಎಂ ಗೈಡ್ ಬೇಕು. ಆದರೆ ಗುಂಪಿಗೆ ಒಂದೇ ಪುಸ್ತಕ ಸಾಕು, ಎಲ್ಲರೂ ಸೇರಿ ದುಡ್ಡು ಹಾಕಿದರೆ ಆಗುತ್ತದೆ. ಪುಕ್ಕಟೆ ದಾಖಲೆಯ ಲೈಸೆನ್ಸ್ ವಾಪಸ್ ಪಡೆಯಲು ಬರೋದಿಲ್ಲ ಅನ್ನೋದನ್ನು ಓದಿ ನೋಡಿದೆ, ಮಾಂಕ್ ಹೇಳಿದ್ದು ಸರಿ. ಕಂಪನಿಯ ಮೇಲೆ ನಂಬಿಕೆ ಈಗಲೂ ಇಲ್ಲ. ಆ ದಾಖಲೆಯ ಮೇಲೆ ನಂಬಿಕೆ ಇಡಬಹುದು. ಹೊಸಬರಿಗೆ ಅದನ್ನೇ ಕೊಡೋಣ.

ಆಲೂರು ಹೊಸಬಳು:
ಎಸ್‌ಆರ್‌ಡಿ ಇಳಿಸಿಕೊಂಡೆ. ಅಷ್ಟು ಪುಟ ನೋಡಿ ಸ್ವಲ್ಪ ಹೆದರಿಕೆ ಆಯಿತು. ಇದರಲ್ಲಿ ಮೊದಲ ದಿನಕ್ಕೆ ಎಷ್ಟು ಓದಬೇಕು?

ಸಕಲೇಶಪುರ ಮಾಂಕ್:
ಏನೂ ಓದಬೇಡಿ ತಂಗೀ. ಯಾರಾಗಬೇಕು ಅಂತ ಮಾತ್ರ ಯೋಚಿಸಿಕೊಂಡು ಬನ್ನಿ. ಡಿ20 ಉರುಳಿಸೋದು, ಸೇವ್ ಅಂದರೇನು, ಒಂದು ಸರದಿಯಲ್ಲಿ ಏನೇನು ಮಾಡಬಹುದು, ಇಷ್ಟನ್ನು ಮೇಜಿನಲ್ಲೇ ಹೇಳಿಕೊಡುತ್ತೇವೆ. ಉಳಿದದ್ದು ಬೇಕಾದಾಗ.

ಹಾಸನದ ಡಿಎಂ:
ಸರಿ, ಎಲ್ಲರದ್ದೂ ಓದಿ ನಾನು ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ನಡೆಯುತ್ತಿರುವ ಕ್ಯಾಂಪೇನ್ 2014ರಲ್ಲೇ ಮುಗಿಯುತ್ತದೆ, ಪಾಲಡಿನ್ ಶಕ್ತಿಗೆ ಕೈ ಹಾಕೋದಿಲ್ಲ. ಅದರೊಳಗೆ ಪೋಶನ್, ಎಕ್ಸಾಶನ್, ಸರ್ಪ್ರೈಸ್ ಈ ಮೂರು ಮಾತ್ರ ಹೊಸದರಿಂದ ತರುತ್ತೇನೆ. ಆಲೂರಿನ ನಾಲ್ವರಿಗೆ ಬೇರೆ ಮೇಜು, ಪೂರ್ತಿ ಹೊಸ ನಿಯಮ, ಎಸ್‌ಆರ್‌ಡಿ ಮಾತ್ರ. ಆ ಮೇಜನ್ನು ನಾನೊಬ್ಬನೇ ನಡೆಸೋಕೆ ಆಗೋದಿಲ್ಲ, ಇನ್ನೊಬ್ಬ ಡಿಎಂ ಬೇಕು. ಮಾಂಕ್, ನೀವು ಕೂರುತ್ತೀರಾ? ಮೊದಮೊದಲು ನಾನು ಪಕ್ಕದಲ್ಲಿರುತ್ತೇನೆ.

ವೆಪನ್ ಮಾಸ್ಟರಿ ಎಂಟೇ ಥರ. ಕ್ಲೀವ್, ಗ್ರೇಜ್, ನಿಕ್, ಪುಶ್, ಸ್ಯಾಪ್, ಸ್ಲೋ, ಟಾಪಲ್, ವೆಕ್ಸ್. ಒಂದೊಂದಕ್ಕೆ ಒಂದು ಕಾರ್ಡ್, ಏನಾಗುತ್ತದೆ ಅಂತ ಕನ್ನಡದಲ್ಲಿ ಎರಡು ಸಾಲು. ಹೊಡೆದವರು ಕಾರ್ಡನ್ನು ಆ ಗಾಬ್ಲಿನ್ ಪಕ್ಕ ಇಡಬೇಕು, ತೆಗೆಯೋದೂ ಅವರೇ. ಲೆಕ್ಕ ನನ್ನ ತಲೆಯಿಂದ ಇಳಿದು ಮೇಜಿಗೆ ಬರುತ್ತದೆ.

ಬೇಲೂರು ಫೈಟರ್:
ಕಾರ್ಡ್ ನಾನು ಮಾಡುತ್ತೇನೆ ಅಣ್ಣ. ಎಂಟೂ ಬರೆದು ಇಲ್ಲೇ ಹಾಕುತ್ತೇನೆ, ತಪ್ಪಿದ್ದರೆ ಎಲ್ಲರೂ ತಿದ್ದಿ. ಟಾಪಲ್ ಕಾರ್ಡ್‌ನಲ್ಲಿ ಸೇವ್‌ನ ಡಿಸಿ (ಗೆಲ್ಲೋಕೆ ಬೇಕಾದ ಅಂಕ) ಬರೆಯೋಕೆ ಖಾಲಿ ಜಾಗ ಬಿಡುತ್ತೇನೆ, ಒಬ್ಬೊಬ್ಬರದ್ದು ಒಂದೊಂದು ಇರುತ್ತದಲ್ಲ.

ಸಕಲೇಶಪುರ ಮಾಂಕ್:
ಕೂರುತ್ತೇನೆ. ಆದರೆ ರೊಬಸ್ಟಾ ಮುಗಿದ ಮೇಲೆ, ಮಾರ್ಚ್‌ನಲ್ಲಿ ಶುರು ಮಾಡೋಣ. ಭಾನುವಾರ ಮಧ್ಯಾಹ್ನ ಆದರೆ ಸಕಲೇಶಪುರದಿಂದ ನನಗೂ ಬಸ್ಸು ಸಿಗುತ್ತದೆ, ಆಲೂರಿನವರಿಗೂ ಅದೇ ದಾರಿ. ತಂಗೀ, ನಿಮ್ಮ ನಾಲ್ವರಿಗೆ ಆ ದಿನ ಆಗುತ್ತದಾ ಅಂತ ಕೇಳಿ ಹೇಳಿ.